ಗೆಳೆಯರು ಗೋಡೆ ಕಟ್ಟಲು ಬರುವ ಮುನ್ನ
ಗೆಳೆಯರ ನೆರವಿನಿಂದ ಸ್ವಂತ ಮನೆ ಕಟ್ಟುತ್ತಿರುವವರಿಗೆ ಒಂದು ಮಾತು: ಹತ್ತು ಜನ ಬಂದು ನಿಂತ ಮೇಲೆ ಕೆಲಸ ಹುಡುಕಬೇಡಿ. ಮೊದಲೇ ಮರಳನ್ನು ಜರಡಿ ಹಿಡಿದು, ಸುಟ್ಟ ಇಟ್ಟಿಗೆಗಳನ್ನು ನೆನೆಸಿಡಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ನಾವು ಕಟ್ಟಿದ ಮೊದಲ ಸಾಲು ಮರುದಿನ ಬರಿಗೈಯಲ್ಲೇ ಕಿತ್ತು ಬಂತು. ಸಿಮೆಂಟ್ ಗಾರೆಯನ್ನು ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಉತ್ಸಾಹಿಯೊಬ್ಬ (ಪ್ರತಿ ಗುಂಪಿನಲ್ಲೂ ಇರುತ್ತಾನೆ) ರಾಶಿ ಕಲಸಿಟ್ಟು, ಗಟ್ಟಿಯಾದಾಗ ಮತ್ತೆ ನೀರು ಸುರಿಯುತ್ತಾನೆ. ತಡೆಯಿರಿ, ಗಾರೆಯ ಬಲ ಹೋಗುತ್ತದೆ. ಮೂಲೆಗಳನ್ನು ಮಾತ್ರ ಅನುಭವಿ ಮೇಸ್ತ್ರಿಯೇ ತೂಗುಗುಂಡು (ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿದ ಗುಂಡು) ಬಿಟ್ಟು ಎತ್ತಲಿ. ನಡುವೆ ದಾರ ಕಟ್ಟಿದರೆ ಉಳಿದವರೂ ಇಟ್ಟಿಗೆ ಕೂರಿಸಬಹುದು. ವೈರಿಂಗ್, ಚಾವಣಿ ಗೆಳೆತನಕ್ಕೆ ಬಿಡುವ ಕೆಲಸವಲ್ಲ. ಎಲ್ಲರೂ ಹೊರಟ ಮೇಲೆ ಕನಿಷ್ಠ 7 ದಿನ ಗೋಡೆಗೆ ನೀರುಣಿಸುವ ಪಾಳಿ ಮನೆಯವರದೇ.