ಓಟದಲ್ಲಿ ಹೊಳೆದ ರಾಜಕೀಯ ಯೋಚನೆ ಕಳೆದುಹೋಗದಿರಲು

ದಿನದ ಸುದ್ದಿ, ರಾಜಕೀಯದ ಬಗ್ಗೆ ಓಡುವಾಗ ಹೊಳೆದದ್ದನ್ನು ಬರೆದಿಡುವವರು ಹೀಗೆ ಮಾಡಿ: ಹೊರಡುವ ಮುಂಚೆ ಒಂದೇ ವಿಷಯದ ವರದಿ ಪೂರ್ತಿ ಓದಿ, ಇಯರ್‌ಫೋನ್ ಬಿಟ್ಟು ಓಡಿ, ಕೊನೆಗೆ ದಣಿವಾರಿಸಿಕೊಳ್ಳುವ 5 ನಿಮಿಷದ ಕೂಲ್‌ಡೌನ್ ನಡಿಗೆಯಲ್ಲೇ ಫೋನಿನಲ್ಲಿ ಒಂದೂವರೆ ನಿಮಿಷ ಮಾತಾಡಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಮಾಡೋಣ ಎಂದು ಬಿಟ್ಟರೆ ಸ್ನಾನ ಮುಗಿಯುವಷ್ಟರಲ್ಲಿ ವಾದದ ಅರ್ಧ ಎಳೆ ಕಳಚಿರುತ್ತದೆ. ಓಡುತ್ತಲೇ ಮಾತಾಡಿದರೆ ಏದುಸಿರೇ ಕೇಳಿಸುತ್ತದೆ. ಮೈಕ್ ಬಾಯಿಗೆ ನೇರ ಬೇಡ, ಕೆನ್ನೆಯ ಪಕ್ಕ ಒಂದು ಗೇಣು ದೂರವಿರಲಿ, ಉಸಿರು ಬಡಿಯುವುದಿಲ್ಲ. ಮೊದಲು 'ವರದಿ ಹೇಳಿದ್ದು', ಆಮೇಲೆ 'ನನಗೆ ಅನಿಸಿದ್ದು' ಎಂದು ಬಿಡಿಸಿ ಹೇಳಿ. ಇದೊಂದನ್ನು ದಯವಿಟ್ಟು ಬಿಡಬೇಡಿ. ಬರೆಯುವಾಗ ಎರಡೂ ಕಲಸಿಹೋಗಿ ಅಭಿಪ್ರಾಯವೇ ಸುದ್ದಿಯಾಗಿಬಿಡುವುದು ಇಲ್ಲೇ. ಇಂಟರ್ವಲ್ (ನಡುನಡುವೆ ಬಿಡುವು ಕೊಟ್ಟು ಬಿರುಸಾಗಿ ಓಡುವುದು), ಟೆಂಪೊ (ಒಂದೇ ಸಮನೆ ವೇಗವಾಗಿ ಓಡುವುದು) ದಿನ ಇದು ನಡೆಯುವುದಿಲ್ಲ, ಗಮನವೆಲ್ಲ ವೇಗದ ಮೇಲಿರುತ್ತದೆ. ಪೂರ್ತಿ ವಾಕ್ಯ ಆಡಬಲ್ಲಷ್ಟು ನಿಧಾನದ ಓಟವೇ (ಈಸಿ ರನ್) ಬೇಕು. ತೀರಾ ಮೈ ಉರಿಸುವ ಸುದ್ದಿಯೂ ಬೇಡ, ಗೊತ್ತಿಲ್ಲದೆಯೇ ಹೆಜ್ಜೆ ಬಿರುಸಾಗಿ ಈಸಿ ರನ್ ಕೆಡುತ್ತದೆ. ಮಾತನ್ನು ಅಕ್ಷರಕ್ಕಿಳಿಸುವ ಆ್ಯಪ್ ಬಳಸುವುದಾದರೆ ಹೆಸರು, ಅಂಕಿಗಳನ್ನು ಮೂಲ ವರದಿಯೊಂದಿಗೆ ತಾಳೆ ನೋಡಿಯೇ ಹಾಕಿ. ಏದುಸಿರಿನ ಮಾತಿನಲ್ಲಿ ಎಪ್ಪತ್ತು ಎಂಬತ್ತಾಗಿ ಕೂರುವುದುಂಟು.