ಸಾವಿರದ ನೂರೈವತ್ತಕ್ಕ ಒಂದ ಕಿವಿದು ಬ್ಲೂಟೂತ್, ಟಾಟಾ ಏಸ್ ಗಾಡ್ಯಾಗ ಕಡೀಗೂ ಮಾತು ಕೇಳಿಸ್ತು

ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಮುಂದ ಗಾಡಿ ಹಚ್ಚೋ ನಮ್ ಮಂದಿಗೆ ಮೊದ್ಲ ಹೇಳ್ಬಿಡ್ತೀನಿ, ಅಗ್ಗದ ಬ್ಲೂಟೂತ್ ಹಾಕ್ಕೊಂಡು ಏಸ್ ಓಡಿಸ್ಕೋತ ಮಾತಾಡಾಕ ಆಗೂದಿಲ್ಲ ಅಂತ ನೀವು ನಗ್ಯಾಡಿದ್ದು ಸುಳ್ಳಾತು. ವರ್ಷದ ಮ್ಯಾಲಾತು ನಂದು ನಡದೈತಿ, ಗದಗ ರೂಟು ಬ್ಯಾಡಗಿ ರೂಟು ಎರಡರಾಗೂ, ಗ್ಲಾಸ್ ಇಳಿಸ್ಕೊಂಡ ಓಡಸ್ತೀನಿ, ಸಾವ್ಕಾರ್ರು "ಏನಂದೀ?" ಅಂತ ಮತ್ತೊಮ್ಮೆ ಕೇಳೂದು ಬಂದ್ ಆಗೇತಿ. ಫೋನ್ ಕಿವಿಗೆ ಹಿಡದು ಓಡ್ಸೂದಂತೂ 2019ರ ತಿದ್ದುಪಡಿ ಆದಾಗಿಂದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ್ಯಾಗ ಸೀದಾ ಅಪಾಯಕಾರಿ ಚಾಲನೆ ಲೆಕ್ಕಕ್ಕ ಬರ್ತೈತಿ, ದಂಡದ ಪಾವತಿ ನಿಮ್ ನಿಮ್ ಡ್ಯಾಶ್‌ಬೋರ್ಡಿನ್ಯಾಗ ಇದ್ದಾವು, ನಾ ಹೇಳೂದೇನೈತಿ.

ನನಗ ಈ ಹುಚ್ಚು ಹತ್ತಿದ್ದು ಒಂದ್ ಮೆಣಸಿನಕಾಯಿ ಚೀಲದಿಂದ. ಬ್ಯಾಡಗಿ ಮಾರ್ಕೆಟ್ ಮುಗಿಸ್ಕೊಂಡು ಮೋಟೆಬೆನ್ನೂರಿಗೆ ಬಂದು ಹೈವೇ ಹತ್ತೀನಿ, ಸಾವ್ಕಾರ್ರ ಫೋನು, ಎಷ್ಟ್ ಚೀಲ ಹಾಕ್ಯಾರೋ ಅಂತ. ಹದಿನೇಳ್ರೀ ಅಂದೆ. ಅವ್ರಿಗೆ ಕೇಳಿಸಿದ್ದು ಹದಿನಾರು. ಅದನ್ನ ಚೀಟಿ ಮ್ಯಾಲ ಬರ್ಕೊಂಡು ಕುಂತಾರ, ಇಲ್ಲಿ ಹಮಾಲ್ರು ಇಳಿಸಿದ್ರ ಹದಿನೇಳು, ಹೆಚ್ಚಿಗಿ ಚೀಲ ಯಾರ್ದು, ಯಾರ ಮಾಲು ತಪ್ಪಿ ಬಂತು ಅಂತ ಸಂಜಿ ತನಕ ಗಾಡಿ ಬಿಡ್ಲಿಲ್ಲ. ಗದಗಿಗೆ ಹೋಗಬೇಕಾದ ಮರುಲೋಡ್ ಬ್ಯಾರೆದವರ ಪಾಲಾತು, ಎರಡೂವರೆ ಸಾವಿರದ ಭಾಡಿಗಿ ಹೋತು. ಆಗ ನನ್ನ ಕೊಳ್ಳಾಗ ಇದ್ದದ್ದು ಒಂಬೈನೂರರ ಆಸುಪಾಸು ಕೊಟ್ಟು ತಗೊಂಡ ನೆಕ್‌ಬ್ಯಾಂಡ್.

ನೆಕ್‌ಬ್ಯಾಂಡಿಂದು ನನ್ ಕಿವಿಗೆ ಏನೂ ತಕರಾರಿಲ್ಲ, ಹಾಡು ಕೇಳಾಕ ಮಸ್ತ್ ಐತಿ. ಮೈಕ್ ಎಲ್ಲೈತಿ ನೋಡ್ರಿ, ಕಾಲರ್ ಹಂತೇಕ, ಅಂಗಿಗೆ ತಿಕ್ಕೋತ ಕುಂದರ್ತೈತಿ. ಸ್ಟೇರಿಂಗ್ ತಿರುವಿದಾಗೊಮ್ಮೆ ಆ ಕಡೆ ಇದ್ದವ್ರಿಗೆ ಬರೇ ಚರ್ ಚರ್. ಅದಕ್ಕ ಬಡ್ಸ್ ತಗೊಂಡೆ, ಸಾವಿರದ ಮುನ್ನೂರೋ ನಾನೂರೋ, ಡಬ್ಬಿ ಮ್ಯಾಲ ದೊಡ್ಡದಾಗಿ ನಾಯ್ಸ್ ಕ್ಯಾನ್ಸಲ್ ಅಂತ ಬರದಿತ್ತು. ಇದ ನೋಡ್ರಿ ಎಲ್ಲಾರನ್ನೂ ಕೆಡವೂ ಜಾಗ. ಎಎನ್‌ಸಿ ಅಂದ್ರ ನಿಮ್ಮ ಕಿವಿಗೆ ಬರೂ ಸಪ್ಪಳ ಕಡಿಮಿ ಮಾಡೂದು, ಇಎನ್‌ಸಿ ಅಂದ್ರ ನಿಮ್ಮ ಮೈಕಿನಿಂದ ಆ ಕಡೆ ಹೋಗೂ ಸಪ್ಪಳ ಕಡಿಮಿ ಮಾಡೂದು, ನಮಗ ಬೇಕಾದದ್ದು ಎರಡನೇದು. ಮೊದಲನೇದಕ್ಕ ರೊಕ್ಕ ಕೊಟ್ರ ಹಿಂದಿನ ಲಾರಿ ಹಾರ್ನ್ ನಮಗ ಕೇಳೂದಿಲ್ಲ, ನಮ್ಮ ಮಾತು ಅವ್ರಿಗೆ ಕೇಳೂದಿಲ್ಲ. ಇಎನ್‌ಸಿ ಇದ್ರೂ ಮೈಕ್ ಕಿವಿ ಬುಡಕ್ಕ ಇದ್ರ ಏನ್ ಮಾಡ್ತೈತಿ, ಬಾಯಿ ದೂರ, ಗಾಳಿ ಹತ್ರ.

ಅದರ ಮ್ಯಾಲ ಖಾರ. ಬ್ಯಾಡಗಿ ಮಾಲು ಹೇರವ್ರಿಗೆ ಗೊತ್ತಿರ್ತೈತಿ, ಚೀಲ ಮುಟ್ಟಿದ ಕೈಲೆ ಬಡ್ಸ್ ತಗದು ಕಿವ್ಯಾಗ ಇಟ್ಟೆ, ರಬ್ಬರಿಗೆ ಖಾರದ ಧೂಳು, ಅದಕ್ಕ ಬೆವರು ಸೇರ್ತು, ಬಂಕಾಪುರ ಬರೂದ್ರಾಗ ಕಿವಿ ಒಳಗ ಬೆಂಕಿ ಹಚ್ಚಿದಂಗ. ಕಿತ್ತು ಒಗದು ಬಾಟ್ಲಿ ನೀರು ಸುರವಿಕೊಂಡೆ. ಸಂಬಂಧಿಕರ ಹುಡುಗಗ ಐನೂರಕ್ಕ ಕೊಟ್ಟೆ, ಅಂವ ಕಾಲೇಜಿಗೆ ಹಾಕ್ಕೊಂಡು ಹೋಗ್ತಾನ, ಚಲೋ ಅದಾವಂತ.

ನಡುವ ಬ್ಯಾರೆ ಹುಚ್ಚಾಟಾನೂ ಆದ್ವು. ಸಿಗರೇಟ್ ಲೈಟರ್ ತೂತಿಗೆ ಹಾಕೂ ಎಫ್ಎಂ ಟ್ರಾನ್ಸ್‌ಮಿಟರ್, ನಾನೂರು ರೂಪಾಯಿ, ಆ ಕಡೆಯವ್ರಿಗೆ ಅವ್ರ ಮಾತ ತಿರುಗಿ ಕೇಳ್ತಿತ್ತು. ಬಿಸಿಲಿನ ಪಟ್ಟಿಗೆ (ಸನ್ ವೈಸರ್) ಸಿಗಿಸೂ ಸ್ಪೀಕರ್ ತಂದೆ, ಸಾವಿರದ ಐನೂರರ ಒಳಗ. ಕಾರಿನ್ಯಾಗ ಅದು ಭೇಷ್ ನಡೀತೈತಿ, ಗೆಳ್ಯಾನ ಕಾರಿನ್ಯಾಗ ಹಾಕಿ ನೋಡೇನಿ. ನಮ್ಮ ಹಳೇ ಏಸ್‌ದು 702 ಸಿಸಿ ಎರಡ್ ಸಿಲಿಂಡರ್ ಇಂಜಿನ್ ಸೀಟಿನ ಬುಡಕ್ಕ ಇರ್ತೈತಿ, ಅದರ ಮ್ಯಾಲ ಕುಂತು ಮೊಳದುದ್ದ ದೂರದ ಮೈಕಿಗೆ ಮಾತಾಡಬೇಕಂದ್ರ ಒದರಬೇಕು. ವೈರ್ ಇರೋ ಇಯರ್‌ಫೋನ್ ಮೈಕ್ ಅಂಗಿ ಗುಂಡಿಗೆ ಪಿನ್ ಹಚ್ಚಿ ನೋಡ್ದೆ, ದನಿ ಸ್ವಚ್ಛ ಬಂತು ಖರೆ, ಆದ್ರ ವೈರು ಗೇರಿಗೆ ಸಿಕ್ಕು ಒಮ್ಮೆ ಫೋನ್ ಕಾಲಬುಡಕ್ಕ ಬಿತ್ತು, ಕ್ಲಚ್ ಕೆಳಗ. ಅಲ್ಲಿಗೆ ಅದೂ ಬಿಟ್ಟೆ. ಎಲ್ಲಾ ಕೂಡಿ ನಾಲ್ಕು ಸಾವಿರ ದಾಟಿರಬೇಕು, ಮನ್ಯಾಗ ಮೂರು ಅಂತ ಹೇಳೇನಿ.

ಆದ್ರ ಗುಂಡಿ ಮೈಕಿನಿಂದ ಒಂದ್ ಗೊತ್ತಾತು, ಬಾಯಿಗೆ ಹತ್ರ ಇರೂದ ಮುಖ್ಯ, ಉಳಿದದ್ದೆಲ್ಲಾ ಡಬ್ಬಿ ಮ್ಯಾಲಿನ ಬರಹ. ಹಂಗಾಗಿ ಒಂದ ಕಿವಿದು, ಬಾಯಿ ಕಡೆ ಕಡ್ಡಿ ಚಾಚಿದ ಮೈಕಿಂದು ಹುಡುಕಾಕ ಹತ್ತಿದೆ. ಸ್ಟ್ಯಾಂಡಿನ್ಯಾಗ ಹಿರಿಯರೊಬ್ರು ಅದಾರ, ನಾವೆಲ್ಲಾ ಕಾಕಾ ಅಂತೀವಿ, ಅವ್ರು "ತಮ್ಮಾ, ಇದು ಕಾಲ್ ಸೆಂಟರ್ ಹುಡುಗ್ರು ಏಸಿಯೊಳಗ ಹಾಕೂದು, ನಮ್ಮ ಗಾಡ್ಯಾಗ ಸಾವಿರ ರೂಪಾಯಿದ್ದು ಏನ್ ಹೊಡೀತೈತಿ, ತಗೊಂಡ್ರ ಆರು ಸಾವಿರದ್ದು ತಗೋ, ಇಲ್ಲಾ ಸುಮ್ನಿರು" ಅಂದ್ರು. ಆರು ಸಾವಿರದ್ದೂ ನೋಡೇನಿ, ಪ್ಲಾಂಟ್ರಾನಿಕ್ಸ್ ವಾಯೇಜರ್ ಲೆಜೆಂಡ್, ಕಂಪನಿ ಪಾಲಿ ಅಂತ ಹೆಸರು ಬದಲಾಗಿ ಈಗ ಎಚ್‌ಪಿ ಕೈಯಾಗ ಐತಿ, ಮೂರು ಮೈಕು, ಒಬ್ಬ ಮೆಡಿಕಲ್ ರೆಪ್ ಹತ್ರ ಒಂದಿನ ಇಸ್ಕೊಂಡು ಓಡ್ಸಿ ನೋಡ್ದೆ. ಖರೆ ಹೇಳ್ತೀನಿ, ಅದಕ್ಕ ಜೋಡಿಲ್ಲ. ಆದ್ರ ಆ ರೊಕ್ಕದಾಗ ನನಗ ಒಂದ್ ಟೈರ್ ಬರ್ತೈತಿ.

ಟೆಸ್ಟ್ ಮಾಡಿದ್ದು ಹಿಂಗ. ಅಂಗಡ್ಯಾಗ ಹಲೋ ಹಲೋ ಅಂದು ನೋಡಿದ್ರ ಎಲ್ಲಾ ಚಲೋನ ಇರ್ತಾವ. ಮನಿಯವ್ರ ಫೋನಿನ್ಯಾಗ ಕಾಲ್ ರೆಕಾರ್ಡ್ ಹಚ್ಚಿಸಿ, ನಾನು ಬೈಪಾಸ್ ಮ್ಯಾಲ ಅರವತ್ತರ ಸ್ಪೀಡಿಗೆ, ಎರಡೂ ಗ್ಲಾಸ್ ಇಳಿಸಿ, ಒಂದ ಜಾಗದಾಗ ಒಂದ ಮಾತು ಹೇಳ್ಕೋತ ಹೋಗೂದು. ಮಾತು ಅಂದ್ರ ಬರೇ ಸಂಖ್ಯಾ, ಹದಿನಾರು ಹದಿನೇಳು, ಎಂಬತ್ತು ತೊಂಬತ್ತು, ಅದಲು ಬದಲು ಮಾಡಿ. ರಾತ್ರಿ ಕುಂತು ಕೇಳಿದ್ರ ಯಾವ್ದರ ಹಣಿಬರಹ ಏನು ಅಂತ ತಿಳೀತಿತ್ತು. ಇಂಜಿನ್ ಸಪ್ಪಳ ನಾವು ತಿಳ್ಕೊಂಡಷ್ಟು ಕೆಡಸೂದಿಲ್ಲ, ಮೈಕ್ ತೂತಿಗೆ ನೇರ ಹೊಡ್ಯೂ ಗಾಳಿ ಕೆಡಸ್ತೈತಿ, ಭರ್ರ್ ಅಂದು ದನೀನ ಮುಚ್ಚಿಬಿಡ್ತೈತಿ. ಗದಗ ಕಡೆ ಅಷ್ಟ್ ಗಾಳಿ ಫ್ಯಾನ್ ಯಾಕ ನಿಲ್ಸ್ಯಾರ ಅಂತ ತಿಳೀಬೇಕಂದ್ರ ಮಳೆಗಾಲದಾಗ ಅಣ್ಣಿಗೇರಿ ದಾಟಿದ ಮ್ಯಾಲ ಗ್ಲಾಸ್ ಇಳಿಸಿ ಫೋನ್ ಮಾಡಿ ನೋಡ್ರಿ.

ಕಡೀಗೆ ತಗೊಂಡದ್ದಕ್ಕ ದೊಡ್ಡ ಹೆಸರಿಲ್ಲ. ಕೊಪ್ಪೀಕರ್ ರೋಡಿಗೆ ಹತ್ತಿದ ಒಂದ್ ಗಲ್ಲಿಯೊಳಗ ಸಿಕ್ತು, ಸಾವಿರದ ನೂರೈವತ್ತು. ಡಬ್ಬಿ ಮ್ಯಾಲ ಸರಕಾರಿ ಮಾನಕ ಸಂಸ್ಥೆ ಬಿಐಎಸ್‌ನ ಆರ್ ಅಂತ ಶುರು ಆಗೂ ನಂಬರ್ ಇತ್ತು, ಅಲ್ಲೇ ನಿಂತು ಬಿಐಎಸ್ ಕೇರ್ ಆ್ಯಪಿನ್ಯಾಗ ಹಾಕಿ ನೋಡ್ದೆ, ತಾಳೆ ಆತು. ಅದಕ್ಕ ಮೊದ್ಲು ಮತ್ತೊಂದ್ ಅಂಗಡ್ಯಾಗ ತೋರಿಸಿದ್ದು ಯಾವುದೋ ಚಾರ್ಜರಿನ ನಂಬರ್ ಆಗಿತ್ತು, ಅಂಗಡಿಯಂವ "ಯಾರ್ ನೋಡ್ತಾರ ಬಿಡ್ರೀ ಅಣ್ಣಾರ" ಅಂದ. ನಾ ನೋಡ್ತೀನಲ್ಲ. ಒತ್ತೂ ಬಟನ್ ಇರೂದ ಬೇಕು, ಟಚ್ ಬ್ಯಾಡ, ಧೂಳಿನ ಕೈಗೆ ಟಚ್ ಕೆಲಸ ಮಾಡೂದಿಲ್ಲ. ಎರಡ್ ಫೋನ್ ಒಮ್ಮೆಗೆ ಹಿಡೀಬೇಕು, ನಂದು ಒಂದು ಬಟನ್ ಫೋನು, ಸಾವ್ಕಾರ್ರೆಲ್ಲಾ ಅದಕ್ಕ ಹಚ್ಚೂದು, ಅದರಾಗೂ ಬ್ಲೂಟೂತ್ ಇರೂದ್ರಿಂದ ಎರಡೂ ಕೂಡ್ತಾವ. ಬ್ಯಾಟರಿ ಇಪ್ಪತ್ತು ತಾಸು ಅಂತಾರ, ಒಂಬತ್ತು ಹತ್ತು ಬರ್ತೈತಿ, ಒಂದಿನದ ದುಡಿಮಿಗೆ ಸಾಕು. ಇದ್ರಾಗ ಹಾಡು ಕೇಳೂ ಆಸೆ ಇಟ್ಕೋಬ್ಯಾಡ್ರಿ.

ಹಾಕೂದು ಎಡಗಿವಿಗೆ. ನಮ್ಮ ಸೀಟು ಬಲಕ್ಕ, ಗಾಳಿ ಬಲಗಡೆ ಕಿಡಕಿಯಿಂದ ಹೊಡೀತೈತಿ, ಎಡಗಡೆ ಹಾಕಿದ್ರ ನಮ್ಮ ಮುಖಾನ ಗಾಳಿಗೆ ಅಡ್ಡ ಆಗ್ತೈತಿ. ಮತ್ತ ಓವರ್‌ಟೇಕ್ ಮಾಡವ್ರು ಬಲಕ್ಕ ಬರ್ತಾರ, ಆ ಕಿವಿ ಖುಲ್ಲಾ ಇರಬೇಕು. ಬಲಗಿವಿಯಿಂದ ಎಡಗಿವಿಗೆ ಬದಲಿಸಿದ ಮ್ಯಾಲ ರೆಕಾರ್ಡಿಂಗ್ ಕೇಳಿದ್ರ ಇದ ಹೆಡ್‌ಸೆಟ್ ಹೌದೋ ಅಲ್ಲೋ ಅನ್ನೂ ಹಂಗ ಆಗಿತ್ತು. ಕಡ್ಡಿ ಬಾಯಿ ಮುಂದ ತರಬ್ಯಾಡ್ರಿ, ಉಸುರು ಬಡೀತೈತಿ, ಗಲ್ಲಕ್ಕ ಹೊಂದಿ ಎರಡ್ ಬೆರಳು ಈಚಿಗೆ. ಮೈಕಿಗೆ ಒಂದ್ ಸ್ಪಂಜು ಸಿಗಸೀನಿ, ಅಂಗಡ್ಯಾಗ ಮಾರೂ ಮೈಕ್ ಸ್ಪಂಜಲ್ಲ, ಅದು ಖಾರದ ಧೂಳು ಕುಡದು ಗಟ್ಟಿ ಆಗ್ತೈತಿ. ನಂದು ಯಾವ್ದು, ಎಲ್ಲೆ ಸಿಗ್ತೈತಿ ಅಂತ ಹೇಳೂದಿಲ್ಲ, ಇಷ್ಟ್ ರೊಕ್ಕ ಕಳದು ಕಲ್ತೇನಿ. ಹತ್ತು ರೂಪಾಯಿ ಒಳಗಿನ ಮಾಲು, ತಿಂಗಳ ಎರಡ್ ತಿಂಗಳಿಗೆ ಬದಲಿ ಮಾಡ್ತೀನಿ, ಸಾಕಷ್ಟಾತು.

ಕಾಕಾ ಈಗ ನನ್ನ ಕಡೆಯಿಂದನ ಒಂದ್ ತರಿಸ್ಕೊಂಡಾರ, ಇನ್ನೂ ಬಲಗಿವಿಗೇ ಹಾಕ್ತಾರ. ಅವ್ರ ಹಿಂದ ಸ್ಟ್ಯಾಂಡಿನ ಆರೇಳು ಮಂದಿ ತಗೊಂಡ್ರು. ಅಂಗಡಿಯಂವ ಈಗ ರೇಟ್ ಸಾವಿರದ ಮುನ್ನೂರು ಅಂತಾನ, ನಾಕ್ ಮಂದಿ ಕೂಡಿ ಹೋದ್ರ ಹಳೇ ರೇಟಿಗೆ ಕೊಡ್ತಾನ, ಕಿವಿಗೆ ಸಿಗಸೂ ಕೊಂಡಿ ಎರಡು ಹೆಚ್ಚಿಗಿ ಇಸ್ಕೊಳ್ರಿ, ಅದ ಮೊದ್ಲ ಮುರಿಯೂದು.