ಭಾನುವಾರ ಇಳಿದ ಒಂದು ಗೇಣು ನೀರು

2024ರ ಮಾರ್ಚ್. ಬೆಂಗಳೂರಿನ ಮಹದೇವಪುರದ ಕಡೆ ನಮ್ಮ ಆಫೀಸು. ಕಟ್ಟಡ ನೋಡಿಕೊಳ್ಳುವ ಕೆಲಸ ನನ್ನದು. ಬೋರ್‌ವೆಲ್ ಬತ್ತಿ ಟ್ಯಾಂಕರೇ ಗತಿಯಾಗಿತ್ತು. ಐದು ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು. ಆದರೆ ಆ ದರಕ್ಕೆ ಬರುವ ಟ್ಯಾಂಕರ್ ಸಿಗಬೇಕಲ್ವಾ?

ಅದೇ ತಿಂಗಳು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತು. ನಲ್ಲಿಯ ಬಾಯಿಗೆ ಹಾಕುವ ಪುಟ್ಟ ಜಾಲರಿ ಅದು, ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುತ್ತದೆ. ಹಾಕಿಸಿದೆ. ಬಕೆಟ್ ಇಟ್ಟು ಗಡಿಯಾರ ನೋಡಿದರೆ, ನಿಮಿಷಕ್ಕೆ 9 ಲೀಟರ್ ಸುರಿಯುತ್ತಿದ್ದ ನಲ್ಲಿ ಮೂರಕ್ಕೆ ಇಳಿದಿತ್ತು. ಸ್ವಲ್ಪ ಬೀಗಿದೆ ಕೂಡ. ಟ್ಯಾಂಕರ್ ಲೆಕ್ಕ ಮಾತ್ರ ಅಷ್ಟೇನೂ ಇಳಿಯಲಿಲ್ಲ.

ಒಂದು ದಿನ ಹೌಸ್‌ಕೀಪಿಂಗ್ ಅಕ್ಕ ಕೇಳಿದರು: "ಸಾರ್, ಶನಿವಾರ ತುಂಬಿಸಿ ಹೋಗಿರ್ತೀವಿ, ಸೋಮವಾರ ಬಂದ್ರೆ ಟ್ಯಾಂಕ್ ಇಳಿದಿರುತ್ತೆ. ಭಾನುವಾರ ಯಾರು ಬಳಸ್ತಾರೆ?"

ಶನಿವಾರ ರಾತ್ರಿ ಮಹಡಿ ಹತ್ತಿ, ಮೋಟರ್ ಆರಿಸಿ, ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೀಟು ಎಳೆದೆ. ಸೋಮವಾರ ನೋಡಿದರೆ ಒಂದು ಗೇಣು ಕೆಳಗಿತ್ತು. ಎಲ್ಲೋ ಸೋರುತ್ತಿದೆ; ಮೊದಲ ಅನುಮಾನ ಶೌಚಾಲಯಗಳ ಮೇಲೆ.

ಕೇಸರಿಬಾತ್‌ಗೆ ಹಾಕುವ ಬಣ್ಣವನ್ನು ಕ್ಯಾಂಟೀನಿನಿಂದ ತಂದು, ಒಂದೊಂದು ಫ್ಲಶ್ ಟ್ಯಾಂಕಿಗೂ ಚಿಟಿಕೆ ಹಾಕಿದೆ. ಫ್ಲಶ್ ಒತ್ತದೆ ಇಪ್ಪತ್ತು ನಿಮಿಷ ಕಾದೆವು. ಹದಿನಾಲ್ಕರಲ್ಲಿ ಐದು ಕಮೋಡುಗಳಲ್ಲಿ ಕೇಸರಿ ಬಣ್ಣದ ಸಣ್ಣ ಎಳೆ ಇಳಿಯುತ್ತಿತ್ತು. ಸದ್ದೇ ಇಲ್ಲ. ಬಣ್ಣ ಹಾಕದಿದ್ದರೆ ಕಣ್ಣಿಗೂ ಬೀಳುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ವಾಷರಿನ ಮೇಲೆ ಗಡಸು ನೀರಿನ ಬಿಳಿ ಪುಡಿ ಕೂತು, ಅಂಚೆಲ್ಲ ಬಿರುಕು ಬಿಟ್ಟಿತ್ತು. ಐದೂ ಬದಲಿಸಿದ ಖರ್ಚು ಏರೇಟರುಗಳ ಬಿಲ್ಲಿನ ಮುಂದೆ ಏನೂ ಅಲ್ಲ. ಟ್ಯಾಂಕರ್ ಕಮ್ಮಿಯಾಗಿದ್ದು ಆಮೇಲೆ.

ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮೆಷಿನ್ನಿನ ವೇಸ್ಟ್ ನೀರನ್ನೂ ಡ್ರಮ್ಮಿಗೆ ತಿರುಗಿಸಿದೆವು. ನೆಲ ಒರೆಸಲು ಸಾಕಾಗುತ್ತದೆ. ಗಿಡಕ್ಕೆ ಮಾತ್ರ ಹಾಕಬೇಡಿ, ಅದರಲ್ಲಿ ಉಪ್ಪು ಜಾಸ್ತಿ. ಜಾಣತನ ಮಾಡಲು ಹೋಗಿ ನಾನು ಎರಡು ಕುಂಡ ಒಣಗಿಸಿದೆ. ಈಗ ಗಿಡಗಳಿಗೆ ಎಸಿಯಿಂದ ಬೀಳುವ ನೀರು.

ಗೀಟು ಎಳೆಯುವುದನ್ನು ಬಿಟ್ಟಿಲ್ಲ, ತಿಂಗಳಿಗೊಂದು ಶನಿವಾರ. ಕಳೆದ ಸಲ ಎರಡು ಬೆರಳು ಇಳಿದಿತ್ತು. ಯಾವ ಮಹಡಿ ಅಂತ ಅಕ್ಕ ಕೇಸರಿ ಬಣ್ಣ ಹಿಡಿದು ಹುಡುಕುತ್ತಿದ್ದಾರೆ.